ಕೆರೆ ತಪ್ಪಿದ ನಕ್ಷೆ

ಬುಧವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನ ಆಫೀಸಿನ ಬೀಗ ತೆಗೆಯಲು ಬಂದಾಗ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಗಂಡಸಿನ ಮುಖದ ಗುರುತಿತ್ತು. ಹಿಂದಿನ ವರ್ಷ ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಅವರ ಊರಿನ ಗೋಮಾಳ ಅಳೆಯಲು ಹೋಗಿದ್ದಾಗ ಗಡಿಕಲ್ಲು ಹುಡುಕುತ್ತ ಮೂರು ದಿನ ನನ್ನ ಜೊತೆ ತಿರುಗಿದವರು. ಪಕ್ಕದಲ್ಲಿದ್ದ ಹೆಂಗಸು ಅವರ ಅತ್ತಿಗೆ. ಆಕೆ ಎದ್ದು ನಿಲ್ಲಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನನ್ನನ್ನೇ ನೋಡುತ್ತಿದ್ದಳು.

“ಮೇಡಂ, ನಮ್ಮಣ್ಣ ಸೋಮವಾರದಿಂದ ಇಲ್ಲ,” ಎಂದರು ಆತ.

ಒಳಗೆ ಕೂರಿಸಿ ಕೇಳಿದೆ. ಸೋಮವಾರ ಬೆಳಿಗ್ಗೆ ಅಣ್ಣ ಎಂದಿನಂತೆ ಹದಿನಾಲ್ಕು ದನ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದರು. ಸಂಜೆ ದನ ತಾವಾಗಿಯೇ ಕೊಟ್ಟಿಗೆಗೆ ಬಂದವು. ಎಣಿಸಿದರೆ ಒಂದು ಕಡಸು ಇಲ್ಲ, ದನ ಕಾಯುವವರೂ ಇಲ್ಲ. ಮಂಗಳವಾರ ಊರಿಗೆ ಊರೇ ಹುಡುಕಿತು. ಆನೆಗಳು ಆಂಧ್ರದ ಕಾಡಿನಿಂದ ಈಚೆಗೆ ದಾಟಿವೆ ಎಂಬ ಸುದ್ದಿಯಿದ್ದುದರಿಂದ ಎಲ್ಲರೂ ಮೊದಲು ಆನೆಯ ಹೆಜ್ಜೆ ಹುಡುಕಿದರು. ಒಂದೂ ಸಿಗಲಿಲ್ಲ. ಕುಪ್ಪಂನಲ್ಲಿರುವ ತಂಗಿಯ ಮನೆಗೆ ಹೋಗಿರಬಹುದೆಂದು ಫೋನ್ ಮಾಡಿದರು. ಅಲ್ಲಿಗೂ ಹೋಗಿರಲಿಲ್ಲ. ಠಾಣೆಯಲ್ಲಿ ದೂರು ಬರೆಸಿಯಾಗಿತ್ತು.

ಆಕೆ ಆಗ ಬಾಯಿಬಿಟ್ಟಳು.

“ಆಯಪ್ಪ ದನ ಬಿಟ್ಟು ಎಲ್ಲಿಗೂ ಓಗೋನಲ್ಲ ಕಣಕ್ಕ. ಕಡಸು ದೊರೆಗಳ ಗುಂಡಿಗೆ ಬಿದ್ದೈತೆ. ಅದ್ನ ನೋಡಕ್ಕೋಗಿ ಇವ್ನೂ ಬಿದ್ದವ್ನೆ. ನಿಮ್ಮತ್ರ ಒಂದು ಅಳೇ ನಕ್ಸೆ ಐತಂತಲ್ಲ, ಅದ್ರಾಗೆ ಗುಂಡಿ ಎಲ್ಲೆಲ್ಲೈತೆ ಅಂತ ಬರ್ದವ್ರಂತಲ್ಲ?”

ದೊರೆಗಳ ಗುಂಡಿ ಎಂದರೆ ಬಿಳಿಯರ ಕಾಲದಲ್ಲಿ ಚಿನ್ನದ ಆಸೆಗೆ ಅಲ್ಲಲ್ಲಿ ತೋಡಿ, ಏನೂ ಸಿಗದೆ ಹಾಗೆಯೇ ಬಿಟ್ಟುಹೋದ ಬಾವಿಗಳು. ಚಾಂಪಿಯನ್ ರೀಫ್, ಉರಿಗಾಂ ಕಡೆಯ ಚಿನ್ನದ ಗಣಿಗಳ ದೊಡ್ಡ ಶಾಫ್ಟುಗಳ ಬಾಯಿಗೆ ಕಟ್ಟಡವಿದೆ, ಬೇಲಿಯಿದೆ. ಗೋಮಾಳದಲ್ಲಿರುವ ಇವಕ್ಕೆ ಏನೂ ಇಲ್ಲ. ಬಾಯಿಯ ಮೇಲೆ ಲಂಟಾನ ಬೆಳೆದು, ಅದರ ಮೇಲೆ ತರಗೆಲೆ ಬಿದ್ದು, ನೆಲವೇ ಅನ್ನಿಸುವಂತೆ ಮುಚ್ಚಿಕೊಂಡಿರುತ್ತವೆ. ದನ ಕಾಯುವವರಿಗೆ ಮೂರೋ ನಾಲ್ಕೋ ಗೊತ್ತು. ಅವನ್ನು ಮಂಗಳವಾರವೇ ಬಗ್ಗಿ ನೋಡಿಯಾಗಿತ್ತು.

ನಕ್ಷೆ ನನ್ನ ಹತ್ತಿರ ಇದ್ದದ್ದು ನಿಜ. ಅದರ ಮೂಲ ಹಾಳೆ ಉರಿಗಾಂನ ಹಿರಿಯರೊಬ್ಬರದು. ಗಣಿಯ ಸರ್ವೆ ವಿಭಾಗದಲ್ಲಿ ಅಳತೆಯ ಚೈನು ಹಿಡಿದು ನಿವೃತ್ತರಾದವರು. ಬಟ್ಟೆಗೆ ಅಂಟಿಸಿದ ಆ ಹಾಳೆಯನ್ನು ತಗಡಿನ ಕೊಳವೆಯಲ್ಲಿ ಸುತ್ತಿಟ್ಟುಕೊಂಡಿದ್ದಾರೆ. ಗೋಮಾಳದ ಕೆಲಸಕ್ಕೆಂದು ನಾನು ಅದನ್ನು ಸ್ಕ್ಯಾನ್ ಮಾಡಿಸಿಕೊಂಡಿದ್ದೆ.

ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಮೈಲಿಗೆ ಒಂದು ಅಂಗುಲದ ಅಳತೆ. ಎತ್ತರಗಳೆಲ್ಲ ಅಡಿಗಳಲ್ಲಿ. ಗುಡ್ಡಗಳು ಕಂದು ಗೆರೆಗಳ ಸುರುಳಿ, ಹಳ್ಳಗಳು ಮಾಸಿದ ನೀಲಿ. ಊರುಗಳು ಕಡಿಮೆ, ಬಯಲೇ ಹೆಚ್ಚು. ಆ ಬಯಲಿನ ಉದ್ದಕ್ಕೂ ದನ ನಡೆಯುವ ದಾರಿಗಳು ತುಂಡು ಗೆರೆಗಳಾಗಿ, ನೀರು ನಿಲ್ಲುವ ಒಂದು ಕುಂಟೆಯಿಂದ ಇನ್ನೊಂದು ಕುಂಟೆಗೆ ಹೋಗುತ್ತವೆ. ದನದ ದೊಡ್ಡಿಗಳನ್ನೂ ಗುರುತು ಮಾಡಿದ್ದಾರೆ. ನಮ್ಮ ಕುಂಟೆಗಳ ಹೆಸರುಗಳನ್ನು ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿ ಓದುವುದೇ ಒಂದು ಕೆಲಸ. ಅಲ್ಲಿ, ಎರಡು ತಲೆಯ ಒಂದು ಗುಡ್ಡದ ಬುಡದಲ್ಲಿ, ಕಪ್ಪು ಶಾಯಿಯ ಪುಟ್ಟ ಉಂಗುರಗಳಿದ್ದವು. ಪಕ್ಕದಲ್ಲಿ ಹಳೆಯ ಅಗೆತ ಎಂಬ ಅರ್ಥದ ಎರಡು ಇಂಗ್ಲಿಷ್ ಪದ. ಒಂಬತ್ತು ಉಂಗುರ ಎಣಿಸಿದೆ.

ಓದುವುದು ಸುಲಭ. ಓದಿದ್ದನ್ನು ನೆಲದ ಮೇಲೆ ಇಡುವುದು ಕಷ್ಟ. ಆ ಹಾಳೆಯ ಮೇಲಿನ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ ಅರವತ್ತು ಮೀಟರಿಗೂ ಹೆಚ್ಚು. ಆಗ ಇದ್ದು ಈಗಲೂ ಇರುವ ಜಾಗಗಳನ್ನು ಹುಡುಕಿ, ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಆ ಜಾಗಗಳಲ್ಲಿ ಮೊಳೆ ಹೊಡೆದಂತೆ ಕೂರಿಸಬೇಕು. ಕಡೇಪಕ್ಷ ನಾಲ್ಕು ಮೊಳೆ ಬೇಕು. ಮೊದಲನೆಯದಾಗಿ ರೈಲು ಹಳಿ ತಿರುಗುವ ಜಾಗ ಹಿಡಿದೆ, ಎರಡನೆಯದಾಗಿ ಹೋಬಳಿಯ ರಸ್ತೆ ಕೂಡುವ ಜಾಗ. ಅವೆರಡೂ ದೂರ, ಪಶ್ಚಿಮಕ್ಕೆ. ಉಂಗುರಗಳ ಹತ್ತಿರ ಇದ್ದದ್ದು ಒಂದು ಕೆರೆ ಕಟ್ಟೆ, ಒಂದು ಗುಡ್ಡ. ಕೆರೆ ಉಪಗ್ರಹ ಚಿತ್ರದಲ್ಲಿ ನೀರು ತುಂಬಿಕೊಂಡು ಸ್ಪಷ್ಟವಾಗಿತ್ತು. ನಕ್ಷೆಯಲ್ಲೂ ಅದೇ ಹಳ್ಳಕ್ಕೆ ಅಡ್ಡಲಾಗಿ, ಹಾಗೆಯೇ ಬಾಗಿದ ಕಟ್ಟೆ. ಅದು ಮೂರನೆಯ ಮೊಳೆ.

ನಾಲ್ಕನೆಯದಕ್ಕೆ ಗುಡ್ಡ. ನಕ್ಷೆಯಲ್ಲಿ ಒಂದು ತಲೆಯ ಮೇಲೆ ಸಣ್ಣ ತ್ರಿಕೋನವಿತ್ತು. ಹಿಂದಿನ ಸರ್ವೆಯವರು ಬಂಡೆಯ ಮೇಲೆ ಗುರುತು ಕೆತ್ತಿ ಸುತ್ತಲಿನದೆಲ್ಲ ಅಳೆದ ಜಾಗ ಅದು. ಅದನ್ನು ಪೂರ್ವದ ತಲೆ ಎಂದು ಹಿಡಿದರೆ ಕೆರೆಗೂ ಅದಕ್ಕೂ ತಾಳೆ ಬೀಳಲಿಲ್ಲ. ಅರ್ಧ ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ. ಪಶ್ಚಿಮದ ತಲೆ ಎಂದು ಹಿಡಿದೆ. ಎಲ್ಲ ಕೂತಿತು. ಆದರೆ ಹಾಗೆ ಕೂರಲು ಹಾಳೆ ಪೂರ್ವ-ಪಶ್ಚಿಮವಾಗಿ ಸಾಕಷ್ಟು ಹಿಗ್ಗಿದೆ ಎಂದು ಒಪ್ಪಿಕೊಳ್ಳಬೇಕಿತ್ತು. ಬಟ್ಟೆಗೆ ಅಂಟಿಸಿದ ಕಾಗದ ಹಿಗ್ಗುತ್ತದೆ, ಅಷ್ಟೊಂದು ಹಿಗ್ಗುವುದಿಲ್ಲ. ಅದು ನನಗೆ ಗೊತ್ತಿತ್ತು. ಒಂದು ಕ್ಷಣ ಕೈ ನಿಂತದ್ದೂ ನೆನಪಿದೆ. ಎದುರಿಗೆ ಆಕೆ ಕೂತಿದ್ದಳು. ಟೀ ತರಿಸಿಕೊಟ್ಟಿದ್ದೆ, ಅದು ಕೆನೆಗಟ್ಟಿತ್ತು. ಬಟ್ಟೆಗೆ ಅಂಟಿಸುವಾಗ ಹಾಳೆ ಕತ್ತರಿಸಿ ಜೋಡಿಸಿದ್ದಾರಲ್ಲ, ಅದರಲ್ಲೇ ಹೆಚ್ಚುಕಡಿಮೆಯಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಮುಂದೆ ಹೋದೆ.

ಒಂಬತ್ತು ಬಿಂದುಗಳನ್ನು ತೆಗೆದು ಮೊಬೈಲಿಗೆ ಹಾಕಿಕೊಂಡೆ. ಉರಿಗಾಂಗೆ ಹೋಗಿ ಹಿರಿಯರನ್ನು ಕರೆದಾಗ ಅವರು ಒಂದು ಮಾತೂ ಕೇಳದೆ ಚಪ್ಪಲಿ ಮೆಟ್ಟಿದರು. ಎಂಬತ್ತರ ಹತ್ತಿರದ ಜೀವ. ಮನೆಯವರು ಬೇಡವೆಂದರೂ ಬಂದರು.

ಮಧ್ಯಾಹ್ನ ಎರಡರ ಹೊತ್ತಿಗೆ ಸ್ಥಳದಲ್ಲಿದ್ದೆವು. ಊರಿನ ಇಪ್ಪತ್ತು ಮೂವತ್ತು ಜನ, ಠಾಣೆಯ ಸಬ್ ಇನ್ಸ್‌ಪೆಕ್ಟರ್, ಇಬ್ಬರು ಪೇದೆಗಳು. ಮೊದಲ ಬಿಂದು ಒಂದು ಬರೀ ಬಂಡೆಯ ಮೇಲೆ ಬಿತ್ತು. ಬಂಡೆಯಲ್ಲಿ ಯಾರೂ ಬಾವಿ ತೋಡುವುದಿಲ್ಲ. ಐವತ್ತು ಮೀಟರ್ ಸುತ್ತಮುತ್ತ ಹುಡುಕೋಣ ಎಂದೆ. ಜನ ಸಾಲಾಗಿ ನಿಂತು, ಕೋಲಿನಿಂದ ನೆಲ ಚುಚ್ಚುತ್ತ ನಡೆದರು. ಎರಡನೆಯದು ಹುರುಳಿ ಹೊಲದ ಅಂಚು. ಮೂರನೆಯದು ಮತ್ತೆ ಬಂಡೆ. ಆಕೆ ಸಾಲಿನ ತುದಿಯಲ್ಲಿ ನಡೆಯುತ್ತ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ನಡುನಡುವೆ ದನ ಕರೆಯುವ ಕೂಗನ್ನೂ ಕೂಗುತ್ತಿದ್ದಳು. ಕಡಸಾದರೂ ಓಗೊಡಲಿ ಎಂದಿರಬೇಕು.

ಹಿರಿಯರು ನೆಲ ಕೆದಕಿ ಮಣ್ಣು ಅಂಗೈ ಮೇಲೆ ಹಾಕಿಕೊಂಡು ನೋಡಿದರು. “ಅಮ್ಮಾ, ಶಾಫ್ಟು ತೋಡಿದ್ರೆ ಪಕ್ಕದಲ್ಲಿ ಕಲ್ಲುಪುಡಿ ಗುಡ್ಡೆ ಇರ್ಬೇಕು ಮಾ. ನೂರು ವರ್ಷ ಆದ್ರೂ ಓಗಲ್ಲ. ಇಲ್ಲಿ ಒಂದೂ ಕಾಣೋಲ್ಲ, ಪಾರುಮಾ, ನೀವೇ ನೋಡಿ,” ಎಂದರು.

“ಹುಲ್ಲು ಬೆಳೆದು ಮುಚ್ಚಿರಬೇಕು ತಾತ,” ಎಂದೆ.

ಅವರು ನನ್ನ ಮುಖ ನೋಡಿದರು. ಅಂಗೈಯ ಮಣ್ಣು ಕೊಡವಿದರು.

ಕತ್ತಲಾಗುವ ಮೊದಲು ಒಂಬತ್ತರಲ್ಲಿ ಏಳು ಬಿಂದು ಮುಗಿಸಿದೆವು. ಒಂದು ಗುಂಡಿಯೂ ಸಿಗಲಿಲ್ಲ. ಗುರುವಾರ ಬೆಳಿಗ್ಗೆ ಅಗ್ನಿಶಾಮಕ ದಳದವರೂ ಹಗ್ಗ, ಏಣಿ, ಗಾಳಿ ಪರೀಕ್ಷಿಸುವ ಯಂತ್ರ ಹಿಡಿದು ಬಂದರು. ಉಳಿದ ಎರಡು ಬಿಂದು ನೋಡಿದೆವು. ಆಮೇಲೆ ನೂರು ಮೀಟರ್ ಸುತ್ತಮುತ್ತ ಎಂದೆ, ಆಮೇಲೆ ನೂರೈವತ್ತು. ಹುಡುಕುವವರ ಸಾಲು ತೆಳ್ಳಗಾಗುತ್ತ ಬಂತು. ಕೆಲಸ ಬಿಟ್ಟು ಬಂದವರು ಒಬ್ಬೊಬ್ಬರಾಗಿ ನೆರಳು ಹಿಡಿದರು. ಸಬ್ ಇನ್ಸ್‌ಪೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, “ಮೇಡಂ, ಸಂಜೆವರೆಗೂ ನೋಡೋಣ. ಆಮೇಲೆ ಆಂಧ್ರದ ಕಡೆ ಕಾಡಿಗೆ ಹೋಗ್ತೀವಿ. ನಾನು ಇವರನ್ನೆಲ್ಲ ಇಲ್ಲೇ ಇಟ್ಕೊಂಡಿರಕ್ಕಾಗಲ್ಲ,” ಎಂದರು. ಅವರದು ತಪ್ಪಿರಲಿಲ್ಲ.

ಮಧ್ಯಾಹ್ನ ಕೆರೆ ಕಟ್ಟೆಯ ಮೇಲೆ ಕೂತೆವು. ಊರಿನಿಂದ ಚಿತ್ರಾನ್ನ ಬಂದಿತ್ತು. ಆಕೆ ತಿನ್ನಲಿಲ್ಲ. ನಾನು ನಕ್ಷೆಯ ಪ್ರಿಂಟನ್ನು ತೊಡೆಯ ಮೇಲೆ ಹರಡಿಕೊಂಡು, ಕೆರೆಯನ್ನೊಮ್ಮೆ ಕಾಗದವನ್ನೊಮ್ಮೆ ನೋಡುತ್ತಿದ್ದೆ. ನಕ್ಷೆಯ ಪ್ರಕಾರ ಕಟ್ಟೆಯ ಬಲತುದಿ ಒಂದು ಬಂಡೆಗುಡ್ಡಕ್ಕೆ ಸೇರಬೇಕು. ಇಲ್ಲಿ ಅದು ಬರೀ ಮಣ್ಣಿನ ದಿಣ್ಣೆಗೆ ಸೇರಿತ್ತು. ಬೆಳಿಗ್ಗೆಯಿಂದ ಅದು ಕಣ್ಣಿಗೆ ಬಿದ್ದಿದ್ದರೂ ಮನಸ್ಸಿಗೆ ಹೋಗಿರಲಿಲ್ಲ.

“ಅಕ್ಕ, ಈ ಕಟ್ಟೆ ಬಂಡೆಗೆ ಸೇರಿಕೊಂಡಿತ್ತಾ ಹಿಂದೆ?” ಎಂದು ಕೇಳಿದೆ. ಬಂಡೆ ಒಡೆದು ಸಾಗಿಸಿಬಿಟ್ಟಿರಬಹುದು ಎಂಬ ಆಸೆ.

“ಯಾವ ಬಂಡೆ? ಇದು ಒಸ ಕೆರೆ ಅಲ್ವಾ. ಬಂಡೆ ಇರೋದು ಅಳೇ ಕೆರೆ ಅತ್ರ.”

“ಹಳೇ ಕೆರೆ?”

“ದಿಣ್ಣೆ ಆಚೀಗೆ. ನಮ್ಮಾವನವ್ರ ಅಪ್ಪನ ಕಾಲದಾಗೆ ಒಡ್ದೋಯ್ತಂತೆ. ಆಮೇಲೆ ಅದೇ ವಂಕಕ್ಕೆ, ಇದೇ ಅಳ್ಳಕ್ಕೆ, ಇಲ್ಲಿ ಕೆಳೀಕೆ ಕಟ್ಟಿದ್ರಂತೆ. ಅಲ್ಲೀಗ ಬರೀ ಜಾಲಿ, ಕಟ್ಟೆ ಮಾತ್ರ ಮುರುದ್ಬಿದ್ದೈತೆ.”

ಆ ಮಾತಿನ ಅರ್ಥ ಒಂದೇ ಏಟಿಗೆ ತಲೆಗೆ ಹೋಯಿತು. ಹಳೆಯ ಕೆರೆ ಈ ಹಳ್ಳದ ಮೇಲ್ಗಡೆ, ಪೂರ್ವಕ್ಕೆ ಇದ್ದರೆ, ತ್ರಿಕೋನವೂ ಗುಡ್ಡದ ಪೂರ್ವದ ತಲೆಯದೇ. ಹಾಳೆ ಹಿಗ್ಗಿರಲೇ ಇಲ್ಲ. ನಾನು ಅದನ್ನು ಎಳೆದು ತಪ್ಪು ಕೆರೆಗೆ ಕಟ್ಟಿದ್ದೆ. ಒಂಬತ್ತು ಬಿಂದುಗಳೂ ದಿಣ್ಣೆಯ ಆಚೆಗೆ ಸರಿಯಬೇಕಿತ್ತು.

ಆದರೆ ಹಿಂದಿನ ದಿನವೂ ನಾನು ಹೀಗೆಯೇ ಖಚಿತವಾಗಿದ್ದೆ. ಈಗ ಮತ್ತೊಂದು ಊಹೆಯ ಮೇಲೆ ಜನರನ್ನು ಓಡಿಸಬೇಕೇ, ಅಥವಾ ಗುಡ್ಡ ಹತ್ತಿ ಬಂಡೆಯ ಮೇಲಿನ ಗುರುತು ನೋಡಿ ಖಚಿತ ಮಾಡಿಕೊಳ್ಳಬೇಕೇ? ಗುಡ್ಡ ಹತ್ತಲು ಒಂದು ಗಂಟೆಯಾದರೂ ಬೇಕು. ತಪ್ಪಿದರೆ ಸಂಜೆಗೆ ಎಲ್ಲರೂ ಹೋಗಿಬಿಡುತ್ತಾರೆ. ಎದ್ದು ಸಬ್ ಇನ್ಸ್‌ಪೆಕ್ಟರ್ ಹತ್ತಿರ ಹೋದೆ.

“ಸರ್, ನಾನು ತಪ್ಪು ಜಾಗದಲ್ಲಿ ಹುಡುಕಿಸ್ತಾ ಇದ್ದೀನಿ. ನಿನ್ನೆಯಿಂದ. ಎಲ್ಲರೂ ದಿಣ್ಣೆ ದಾಟಿ ಹಳೇ ಕೆರೆ ಹತ್ತಿರ ಹೋಗಬೇಕು, ಈಗಲೇ. ಈ ಅಕ್ಕ ದಾರಿ ತೋರಿಸ್ತಾರೆ.”

“ಇದು ಗ್ಯಾರಂಟೀನಾ?”

“ಅಲ್ಲ. ನಾನು ಗುಡ್ಡ ಹತ್ತಿ ನೋಡಿ ಫೋನ್ ಮಾಡ್ತೀನಿ. ಆದರೆ ಕಾಯ್ತಾ ಕೂರೋದು ಬೇಡ.”

ಅವರು ನನ್ನ ಮುಖ ನೋಡುತ್ತ ನಿಂತರು. ಹಿರಿಯರು ತಾವು ಕೂತಲ್ಲಿಂದಲೇ, “ಓಗಿ ಸಾರ್. ಇಲ್ಲಿ ನೆಲ ಸುಳ್ಳು,” ಎಂದರು. ಸಬ್ ಇನ್ಸ್‌ಪೆಕ್ಟರ್ ಸೀಟಿ ಊದಿದರು.

ಆಕೆಯ ಮೈದುನ ನನ್ನ ಜೊತೆ ಗುಡ್ಡ ಹತ್ತಿದರು. ದಾರಿ ಇರಲಿಲ್ಲ. ಬಂಡೆಯ ಸಂದಿಗಳಲ್ಲಿ ಕೈಯೂರಿ ಹತ್ತಿದೆವು. ಪೂರ್ವದ ತಲೆಯ ನೆತ್ತಿಯಲ್ಲಿ ಆಡಿನ ಹಿಕ್ಕೆ, ಒಣಹುಲ್ಲು. ಅವರು ಕಾಲಿನಿಂದ ಹುಲ್ಲು ಸರಿಸುತ್ತ ಹೋಗಿ, “ಮೇಡಂ, ಇದೇನಾ?” ಎಂದು ಕೂಗಿದರು. ಬಂಡೆಯಲ್ಲಿ ಅಂಗೈ ಅಗಲದ ಒಂದು ವೃತ್ತ, ನಡುವೆ ಒಂದು ಚುಕ್ಕಿ. ಉಳಿಯ ಗೆರೆ ಇನ್ನೂ ಚೂಪಾಗಿತ್ತು.

ಅದರ ಪಕ್ಕದಲ್ಲಿ ಕೂತು ಪ್ರಿಂಟಿನ ಮೇಲೆ ಸ್ಕೇಲಿಟ್ಟೆ. ಇನ್ನು ಕಂಪ್ಯೂಟರ್ ಬೇಕಿರಲಿಲ್ಲ. ತ್ರಿಕೋನದಿಂದ ಪ್ರತಿಯೊಂದು ಉಂಗುರಕ್ಕೂ ಎಷ್ಟು ಮಿಲಿಮೀಟರ್, ಯಾವ ದಿಕ್ಕು ಎಂದು ಅಳೆದೆ. ದಿಕ್ಸೂಚಿ ಹಿಡಿದು ಅದೇ ದಿಕ್ಕಿಗೆ ನೆಲದ ಮೇಲೆ ಕಣ್ಣು ಓಡಿಸಿದೆ. ಕೆಳಗೆ ಜಾಲಿಯ ನಡುವೆ ಮುರಿದ ಕಟ್ಟೆ ಕಂಡಿತು. ಅದರ ಬಲತುದಿ ಬಂಡೆಗೆ ಸೇರಿಕೊಂಡಿತ್ತು. ಅಲ್ಲಿಂದ ಮೇಲಕ್ಕೆ, ಲಂಟಾನದ ನಡುವೆ, ಬೂದು ಬಣ್ಣದ ಸಣ್ಣ ಸಣ್ಣ ಗುಡ್ಡೆಗಳು. ಹಿರಿಯರು ಹೇಳಿದ ಕಲ್ಲುಪುಡಿ. ನೆತ್ತಿಯಿಂದ ನೋಡಿದರೆ ಮಕ್ಕಳಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಗುಡ್ಡದ ಮೇಲೆ ಸಿಗ್ನಲ್ ಇತ್ತು. ಫೋನಿನಲ್ಲಿ ಒಂದೊಂದೇ ಗುಂಡಿಯ ಜಾಗ ಹೇಳುತ್ತ ಹೋದೆ. “ಕಟ್ಟೆ ಬಂಡೆಗೆ ಸೇರೋ ಜಾಗದಿಂದ ಉತ್ತರಕ್ಕೆ ಇನ್ನೂರು ಹೆಜ್ಜೆ. ಬೂದು ಗುಡ್ಡೆ ಕಂಡರೆ ಅದರ ಹತ್ತಿರ ಹೋಗಬೇಡಿ, ಮೊದಲು ಹಗ್ಗ ಕಟ್ಟಿಕೊಳ್ಳಿ.” ಮೊದಲನೆಯದು ಸಿಕ್ಕಿತು, ಖಾಲಿ. ಎರಡನೆಯದು ಮಣ್ಣು ತುಂಬಿಕೊಂಡಿತ್ತು. ಮೂರನೆಯದರ ಕಡೆ ಅವರು ಹೋಗುತ್ತಿದ್ದುದು ಮೇಲಿನಿಂದ ಇರುವೆ ಸಾಲಿನಂತೆ ಕಾಣುತ್ತಿತ್ತು. ಸಾಲು ಒಮ್ಮೆಲೇ ನಿಂತಿತು. ನಾಲ್ಕಾರು ಜನ ಓಡಿ ಮುಂದೆ ಹೋದರು. ಆಮೇಲೆ ಎಲ್ಲರೂ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದು ಸುತ್ತ ನಿಂತರು.

ಮೈದುನ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. “ಸಿಕ್ತು ಮೇಡಂ,” ಎಂದರು. ಆಕೆಯ ಕೂಗು ಗುಡ್ಡದ ಮೇಲಿನವರೆಗೂ ಬಂತು.

ಲಂಟಾನದ ಚಪ್ಪರ ಹೊಸದಾಗಿ ಹರಿದಿತ್ತು, ಅಂಚಿನ ಮಣ್ಣು ಕುಸಿದಿತ್ತು. ಒಳಗೆ ಟಾರ್ಚ್ ಬಿಟ್ಟಾಗ ನಲವತ್ತು ಅಡಿ ಆಳದಲ್ಲಿ ಒಂದು ಕಲ್ಲಿನ ಚಾಚು, ಅದರ ಮೇಲೆ ಬಿಳಿ ಪಂಚೆ ಕಂಡಿತಂತೆ. ಕರೆದರೆ ಉತ್ತರವಿಲ್ಲ. ಇಳಿಯಲು ಹೊರಟವರನ್ನು ಹಿರಿಯರು ತೋಳು ಹಿಡಿದು ನಿಲ್ಲಿಸಿದರು. “ಗ್ಯಾಸ್ ಇರುತ್ತೆ ಪಾ. ಕೆಳಗೆ ಕಡಸು ಸತ್ತಿದೆ, ವಾಸ್ನೆ ಬರ್ತಿದೆ. ನಾಲ್ಕು ದಿನ ಆಯ್ತು. ಒಬ್ರಿಗಾಗಿ ಇನ್ನೊಬ್ರು ಬೇಡ.” ದಳದವರ ಯಂತ್ರವೂ ಅದನ್ನೇ ಹೇಳಿತು. ಗಾಳಿ ಊದುವ ಪಂಪು ತರಿಸಿ, ಶುಕ್ರವಾರ ಬೆಳಿಗ್ಗೆ ಇಳಿದರು.

ಮೇಲೆ ತಂದಾಗ ನಾನು ಅಲ್ಲೇ ಇದ್ದೆ. ಅವರ ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಮುರಿದ ಕಾಲಿಗೆ ದನ ಹೊಡೆಯುವ ಕೋಲನ್ನು ಆನಿಸಿ, ಟವೆಲನ್ನು ಉದ್ದಕ್ಕೆ ಹರಿದು ಬಿಗಿಯಾಗಿ ಕಟ್ಟಿದ್ದರು. ನೀಟಾಗಿ, ಮೂರು ಕಡೆ ಗಂಟು. ಬಿದ್ದ ಗಳಿಗೆಯಲ್ಲಿ ಸತ್ತವರು ಹಾಗೆ ಕಟ್ಟಿಕೊಳ್ಳುವುದಿಲ್ಲ. ಅಲ್ಲಿ ನಿಂತಿದ್ದವರೆಲ್ಲ ಆ ಗಂಟುಗಳನ್ನು ನೋಡಿದರು.

ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಿದ್ದನ್ನು ಸಬ್ ಇನ್ಸ್‌ಪೆಕ್ಟರ್ ನನಗೆ ಶನಿವಾರ ತಿಳಿಸಿದರು. ಜೀವ ಹೋದದ್ದು ಬುಧವಾರ ಕತ್ತಲಾದ ಮೇಲೆ, ಅಥವಾ ಗುರುವಾರ ಬೆಳಗಾಗುವ ಮುಂಚೆ. ಖಚಿತವಾಗಿ ಹೇಳಲು ಆಗುವುದಿಲ್ಲ. ಬುಧವಾರ ಮಧ್ಯಾಹ್ನ ಬದುಕಿದ್ದಿರಬಹುದೇ ಎಂದು ಕೇಳಿದೆ. “ಇದ್ದಿರ್ತಾರೆ ಮೇಡಂ,” ಎಂದರು.

ಆಮೇಲೆ ಅವರೇ, “ತನಿಖೆಗೆ ನಿಮ್ಮದೊಂದು ಹೇಳಿಕೆ ಬೇಕು, ನಕ್ಷೆ ಸಮೇತ. ಗುರುವಾರ ಹೆಂಗೆ ಪತ್ತೆ ಮಾಡಿದ್ರಿ ಅನ್ನೋದಷ್ಟು ಬರೆದ್ರೆ ಸಾಕು,” ಎಂದರು. ಮರುಕದಿಂದಲೇ ಹೇಳಿದ್ದು.

ಭಾನುವಾರ ಇಡೀ ಹಗಲು ಆ ಹೇಳಿಕೆ ಬರೆದೆ. ಮೊದಲ ಸಲ ಬರೆದಾಗ ಗುರುವಾರದಿಂದ ಶುರು ಮಾಡಿದೆ. ಓದಿ ನೋಡಿದರೆ ಅದರಲ್ಲಿ ನಾನು ಬಹಳ ಜಾಣೆಯಾಗಿದ್ದೆ. ಗುಡ್ಡ ಹತ್ತಿದವಳು, ಗುರುತು ಕಂಡುಹಿಡಿದವಳು. ಹರಿದು ಹಾಕಿ ಬುಧವಾರ ಬೆಳಿಗ್ಗೆಯಿಂದ ಬರೆದೆ. ಯಾವ ಕೆರೆಯನ್ನು ಯಾವ ಕೆರೆಯೆಂದು ಹಿಡಿದೆ, ಹಾಳೆ ಹಿಗ್ಗಿದೆ ಎಂದು ಎಷ್ಟರಮಟ್ಟಿಗೆ ಒಪ್ಪಿಕೊಂಡೆ, ಹಾಗೆ ಹಿಗ್ಗುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ನಿಲ್ಲಲಿಲ್ಲ, ಎಲ್ಲ. ಎರಡು ನಕ್ಷೆಗಳನ್ನೂ ಲಗತ್ತಿಸಿದೆ, ತಪ್ಪಿದ್ದು ಮತ್ತು ಸರಿಯಾದದ್ದು. ಸಬ್ ಇನ್ಸ್‌ಪೆಕ್ಟರ್ ಓದಿ, ಏನನ್ನೂ ತಿದ್ದದೆ ಕಡತದಲ್ಲಿಟ್ಟರು.

ಆದರೆ ಕಡತ ಆಕೆ ಓದುವುದಿಲ್ಲ. ಕಾರ್ಯ ಎಲ್ಲ ಮುಗಿದ ಮೇಲೆ ಕಾಮಸಮುದ್ರದ ಬಸ್ಸು ಹಿಡಿದು ಹೋದೆ. ಮೈದುನ ಬಸ್ ಸ್ಟಾಪಿನಲ್ಲಿ ಕಾದಿದ್ದರು. ಯಾಕೆ ಬಂದಿದ್ದೇನೆಂದು ಅವರಿಗೆ ಹೊಳೆದಿತ್ತು. ಗುಡ್ಡದ ಮೇಲೆ ಜೊತೆಯಲ್ಲಿದ್ದವರಲ್ಲವೇ.

“ಬ್ಯಾಡ ಮೇಡಂ. ಅತ್ಗೆಗೆ ಏಳ್ಬ್ಯಾಡಿ. ಬಿದ್ದಿದ್ ದಿನಾನೇ ಜೀವ ಓಯ್ತು ಅಂತ ಅಂದ್ಕೊಂಡವ್ರೆ. ಅಂಗೇ ಇರ್ಲಿ.”

“ಟವೆಲ್ ಕಟ್ಟಿದ್ದು ಅವರೂ ನೋಡಿದಾರಲ್ಲ.”

ಅವರು ತಲೆ ತಗ್ಗಿಸಿ ಮುಂದೆ ನಡೆದರು.

ಆಕೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ನನ್ನೆದುರು ಕೂತಳು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಗದಗಿನ ನನ್ನ ತಾಯಿಯ ಭಾಷೆ ಬಂತು. “ತಪ್ಪು ನಂದ ಅದ ಅಕ್ಕ,” ಎಂದೆ. ಆಮೇಲೆ ನಿಧಾನವಾಗಿ ಹೇಳಿದೆ. ಬುಧವಾರ ಎರಡು ಗಂಟೆಗೆ ನಾವು ಎಲ್ಲಿದ್ದೆವು, ಎಲ್ಲಿರಬೇಕಿತ್ತು, ವೈದ್ಯರು ಏನು ಹೇಳಿದರು.

ಆಕೆ ಬಹಳ ಹೊತ್ತು ಕೊಟ್ಟಿಗೆಯ ಕಡೆ ನೋಡುತ್ತಿದ್ದಳು.

“ಬುಧವಾರ ನಾನು ಕೂಗ್ತಿದ್ನಲ್ಲ,” ಎಂದಳು. “ಅದು ಆಯಪ್ಪಂಗೆ ಕೇಳ್ತಾ?”

“ನಡುವೆ ದಿಣ್ಣೆ ಇದೆ ಅಕ್ಕ. ಕೇಳಿಸಿರಲಿಕ್ಕಿಲ್ಲ.”

“ಕೇಳಿದ್ರೂ ಕಷ್ಟ, ಕೇಳ್ದಿದ್ರೂ ಕಷ್ಟ.”

ಬೈಯುತ್ತಾಳೆಂದು ಕಾದೆ. ಅತ್ತರೂ ಸರಿ ಎಂದುಕೊಂಡೆ. ಆಕೆ ಅಳಲಿಲ್ಲ. ನನ್ನ ಕಡೆ ತಿರುಗಿ, ಮೊದಲ ದಿನ ಮೆಟ್ಟಿಲ ಮೇಲೆ ನೋಡಿದ ಹಾಗೆಯೇ ನೇರವಾಗಿ ನೋಡಿದಳು.

“ನಿಮ್ಮಾಪೀಸ್ನಾಗೆ ನಾನು ಅರ್ಧ ದಿನ ಕೂತಿದ್ದೆ ಅಲ್ವಾ. ಕೆರೆ ಯಾವ್ದು ಅಂತ ಒಂದ್ಮಾತು ಕೇಳಿದ್ರೆ ಏಳ್ತಿದ್ದೆ. ನೀವು ಕೇಳ್ಳಿಲ್ಲ.”

ಆಕೆ ಎದ್ದು ಒಳಗೆ ಹೋದಳು. ನಾನು ಹೊರಡಲೋ ಕೂರಲೋ ತಿಳಿಯದೆ ಅಲ್ಲೇ ಇದ್ದೆ. ಸ್ವಲ್ಪ ಹೊತ್ತಿಗೆ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟು, ಮತ್ತೆ ಕೊಟ್ಟಿಗೆಗೆ ಹೋದಳು.

ಎರಡು ತಿಂಗಳಾದ ಮೇಲೆ ಮೈದುನ ಫೋನ್ ಮಾಡಿದರು. ದನ ಈಗ ಅತ್ತಿಗೆಯೇ ಕಾಯುತ್ತಾರೆ, ಆ ಕಡೆಯ ಗುಂಡಿಗಳಿಗೆಲ್ಲ ಬೇಲಿ ಹಾಕಬೇಕೆಂದು ಊರಿನವರು ಮಾತಾಡಿಕೊಂಡಿದ್ದಾರೆ, ಜಾಗ ತೋರಿಸಲು ನೀವು ಬರಬೇಕೆಂದು ಅತ್ತಿಗೆ ಹೇಳಿದ್ದಾರೆ ಎಂದರು. ಅತ್ತಿಗೆಯೇ ಹೇಳಿದರಾ ಎಂದು ಎರಡು ಸಲ ಕೇಳಿದೆ.

ನಾಲ್ಕು ಸಲ ಹೋದೆ. ಹಿರಿಯರು ಒಂದು ಸಲ ಬಂದರು, ಆಮೇಲೆ ಅವರ ಕಾಲು ಸಹಕರಿಸಲಿಲ್ಲ. ಕಾಗದ ಬಿಚ್ಚುವ ಮೊದಲು ಆಕೆಯನ್ನೂ ದನ ಕಾಯುವ ಇನ್ನಿಬ್ಬರನ್ನೂ ಕೂರಿಸಿಕೊಂಡು ಕೇಳಿದೆ. ಯಾವ ಕುಂಟೆ ಹಳೆಯದು, ಯಾವ ದಾರಿ ಬದಲಾಗಿದೆ, ಎಲ್ಲಿ ಹುಲ್ಲು ಒಂದು ಬಣ್ಣ ಹೆಚ್ಚು ಹಸಿರಾಗಿ ಬೆಳೆಯುತ್ತದೆ. ಕೇಳಿದ್ದನ್ನು ಬರೆದುಕೊಂಡು, ಆಮೇಲೆ ಬಂಡೆಯ ಗುರುತಿನಿಂದ ಅಳೆದೆ. ಸಿಕ್ಕಿದ ಪ್ರತಿ ಗುಂಡಿಯ ಸುತ್ತ ಊರಿನವರು ಕಲ್ಲು ಪೇರಿಸಿ, ಜಾಲಿ ಮುಳ್ಳು ಹೊದಿಸಿದರು. ಆಕೆ ಗಂಡ ಬಿದ್ದ ಗುಂಡಿಯ ಹತ್ತಿರ ಮಾತ್ರ ಬರಲಿಲ್ಲ. ದೂರದಲ್ಲಿ ದನದ ಜೊತೆ ನಿಂತಿದ್ದು, ನಾವು ಮುಗಿಸಿದ ಮೇಲೆ ಮುಂದಕ್ಕೆ ನಡೆದಳು.

ಎಂಟು ಮುಗಿದವು. ಒಂಬತ್ತನೆಯ ಉಂಗುರ ಹಾಳೆಯ ಎರಡು ತುಂಡು ಸೇರುವ ಜಾಗದಲ್ಲಿತ್ತು. ಅರ್ಧ ಮಾತ್ರ ಉಳಿದಿತ್ತು. ಅದು ಉಂಗುರವೋ ಶಾಯಿಯ ಕಲೆಯೋ ಎಂಬುದೂ ಅನುಮಾನ. ಅದು ಬೀಳುವ ಜಾಗದಲ್ಲಿ ಒತ್ತಾದ ಪೊದೆ, ಹುಲ್ಲು ಸೊಂಪಾಗಿ ಬೆಳೆದ ಇಳಿಜಾರು. ಎರಡು ದಿನ ಹಗ್ಗ ಕಟ್ಟಿಕೊಂಡು ಕೋಲು ಚುಚ್ಚಿದರೂ ಏನೂ ಸಿಗಲಿಲ್ಲ. ಕಲ್ಲುಪುಡಿಯ ಗುಡ್ಡೆಯೂ ಕಾಣಲಿಲ್ಲ.

ಸಂಜೆ ದನ ಮನೆ ಕಡೆ ತಿರುಗಿದ್ದವು. ಆಕೆ ಕೋಲೂರಿ ನನ್ನ ಪಕ್ಕ ಬಂದು ನಿಂತಳು.

“ಇನ್ನೊಂದು ಎಲ್ಲೈತೆ?”

ಪ್ರಿಂಟು ನನ್ನ ಕೈಯಲ್ಲೇ ಇತ್ತು. ಇಲ್ಲೇ ಎಲ್ಲೋ ನೂರು ಮೀಟರ್ ಒಳಗೆ ಎನ್ನಬಹುದಿತ್ತು. ಇಲ್ಲವೇ ಇಲ್ಲ, ಬರೀ ಶಾಯಿ ಎಂದೂ ಹೇಳಬಹುದಿತ್ತು.

“ಗೊತ್ತಿಲ್ಲ ಅಕ್ಕ,” ಎಂದೆ.

ಆಕೆ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆ ಸುತ್ತಿಗೆಲ್ಲ ಅಷ್ಟು ಹುಲ್ಲು ಬೇರೆಲ್ಲೂ ಇರಲಿಲ್ಲ.

“ಸರಿ. ಅಂಗಾದ್ರೆ ಈ ಕಡೀಕೆ ದನ ಬಿಡಲ್ಲ,” ಎಂದು ಹೇಳಿ, ಮುಂದೆ ಹೋಗಿದ್ದ ಹಸುವನ್ನು ಕೂಗುತ್ತ ಇಳಿದು ಹೋದಳು.